ಶುಲ್ಕ ಮಾಫಿಗೊಂದು ಹರಿದ ಅಂಗಿ

ದಿಲ್ಲಿ ಮಹಾನಗರದ ಸಮಸ್ತ ಹಾಸ್ಟೆಲ್‌ವಾಸಿಗಳೇ, ಮೆಸ್ಸಿನ ನೀರು ದಾಲ್ ಕುಡಿದೂ ಬದುಕುಳಿದ ಮಹನೀಯರೇ, ಚಿತ್ತವಿಟ್ಟು ಕೇಳಿ!

ಇಂದು ಬೆಳಿಗ್ಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಬಡ ವಿದ್ಯಾರ್ಥಿಗಳ ಶುಲ್ಕ ಮಾಫಿಗೆ ಸಂದರ್ಶನವಿತ್ತು. ಅದು ಸಿಗದಿದ್ದರೆ ನನ್ನ ಎಂ.ಎ. ಇಲ್ಲಿಗೇ ಮುಗಿಯುತ್ತಿತ್ತು. ಬಡವ ಬಡವನಂತೆಯೇ ಕಾಣಬೇಕೆಂದು ತೋಳು ಹರಿದ ಅಂಗಿ ತೊಟ್ಟು, ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದೆ.

ಸಂದರ್ಶನಕ್ಕೆ ಕೂತಿದ್ದ ಮೇಡಂ ಅರ್ಜಿ ನೋಡಿದರು, ನನ್ನ ತೋಳು ನೋಡಿದರು. "ಅಚ್ಛಾ! ತಂದೆ ದಾವಣಗೆರೆಯಲ್ಲಿ ಟೈಲರ್, ಮಗನ ಅಂಗಿ ಹೀಗೆ?"

ನಾನು ಹರಿದ ತೋಳನ್ನು ಕೈಯಿಂದ ಮುಚ್ಚಿಕೊಂಡೆ.

"ಬೇಟಾ, ಮನೆಯ ಆದಾಯ ತಹಶೀಲ್ದಾರರ ಪತ್ರದಲ್ಲಿದೆ. ಅದನ್ನ ನಿನ್ನ ಅಂಗಿಯಲ್ಲಿ ಹುಡುಕಲ್ಲ ನಾವು. ಬೇರೆ ಅಂಗಿ ಇದೆಯಾ?"

ಇತ್ತು. ಸಂದರ್ಶನಕ್ಕೆಂದೇ ಅಪ್ಪ ಹೊಲಿದು ಕಳಿಸಿದ್ದ ನೀಲಿ ಅಂಗಿ. ಆಮೇಲೆ ಅದನ್ನು ತೊಟ್ಟು ಫೋಟೋ ತೆಗೆಸಿ ಅಪ್ಪನಿಗೆ ಕಳಿಸೋಣವೆಂದು ಚೀಲದಲ್ಲಿಟ್ಟುಕೊಂಡಿದ್ದೆ. ತೊಟ್ಟು ಬಂದೆ. ಮೇಡಂ ಕಾಲರ್ ಮುಟ್ಟಿ ನೋಡಿದರು. "ಇಂಥ ಹೊಲಿಗೆ ದಿಲ್ಲಿಯಲ್ಲಿ ಸಿಗಲ್ಲ. ಪೂರ್ತಿ ಶುಲ್ಕ ಮಾಫಿ ಅಂತ ಅಪ್ಪನಿಗೆ ಹೇಳು" ಎಂದು ಸಹಿ ಹಾಕಿದರು. ಸಾಲಿನಲ್ಲಿ ನಿಂತವರ ಮುಂದೆ ಎದೆಯುಬ್ಬಿಸಿ ನಡೆದು ಬಂದೆ.

ಎಸ್‌ಟಿಡಿ ಬೂತಿನಿಂದ ಸುದ್ದಿ ಹೇಳಿದರೆ ಅಪ್ಪ ಕೇಳಿದ್ದು ಒಂದೇ: "ಭುಜದಲ್ಲಿ ಸರಿಯಾಗಿ ಕೂತಿತ್ತೇನೋ?"

ಇನ್ನೊಂದು ಮಾತು. ಆ ಹರಿದ ಅಂಗಿಯನ್ನು ಹೊಲಿದವರೂ ಅಪ್ಪನೇ. ಇವತ್ತು ಬೆಳಿಗ್ಗೆ ಅದಕ್ಕೆ ಕತ್ತರಿ ಹಾಕಿದವನು ನಾನು. ದಯವಿಟ್ಟು ಯಾರೂ ಊರಿಗೆ ಸುದ್ದಿ ಮುಟ್ಟಿಸಬೇಡಿ.