ಮಾದೇವಕ್ಕ ಓದಿದ ಅಕ್ಷರ

ಮಾದೇವಕ್ಕ ಕಂಪ್ಯೂಟರಿನ ಪರದೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹೈದರಾಬಾದಿನ ಲ್ಯಾಬಿನಲ್ಲಿ ನಮ್ಮ ಕೆಲಸವೇ ನೋಡುವುದು. ರೋಗಿಯ ರಕ್ತದಿಂದ ಓದಿದ ವಂಶವಾಹಿಯ ಅಕ್ಷರಗಳನ್ನು ಸಾಫ್ಟ್‌ವೇರ್ ಬೂದು ಪಟ್ಟಿಗಳಾಗಿ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ. ಅಕ್ಷರ ಬದಲಾದಲ್ಲಿ ಮಾತ್ರ ಬಣ್ಣ. ವಾಡಿಯಿಂದ ಹೋದ ನನಗೆ ನೋಡಲು ಕಲಿಸಿದವಳು ಸೇಡಂನ ಈ ಅಕ್ಕ. ನಾನು ಗಡಿಬಿಡಿಯಲ್ಲಿ ಸರಿಸಿದರೆ ಗದರುತ್ತಿದ್ದಳು: "ಇದೇನ್ ಬಸ್ಸಿನ ಕಿಡಕೇನು? ದೊಡ್ಡದ್ ಮಾಡಿ ನೋಡು. ಒಬ್ಬರ ಜಿಂದಗಿ ಅದ ಇದರಾಗ."

ಒಮ್ಮೆ ಒಂದು ಮಗುವಿಗೆ ದೋಷವಿದೆಯೆಂದು ಗುರುತು ಹಾಕಿಬಿಟ್ಟಿದ್ದೆ. ಆಕೆ ಬೆರಳಿಟ್ಟಳು. "ಪಟ್ಟಿ ಅಂಚಿನಾಗಷ್ಟೇ ಬಣ್ಣ ಅದ ನೋಡು. ಮಷೀನಿನ ತಪ್ಪಿದು, ಕೂಸಿಂದಲ್ಲ." ಅಂದು ಭಾಳ ಖುಷಿಯಲ್ಲಿದ್ದಳು.

ಆಕೆಯ ಅವ್ವ ನಿದ್ದೆಯಿಲ್ಲದೆ ಸತ್ತವಳು. ಮೊದಲು ನಿದ್ದೆ ಹೋಯಿತು, ಆಮೇಲೆ ನಡಿಗೆ, ಮಾತು. ಚಿಂಚೋಳಿಯ ಸೋದರಮಾವನಿಗೂ ಹಾಗೆಯೇ ಆಯಿತು. ಊರಲ್ಲಿ ಗಾಳಿ ಸೋಕಿತೆಂದರು. ಅದನ್ನು ಮಾದೇವಕ್ಕ ನಗುತ್ತಲೇ ಹೇಳಿದ್ದಳು, ನಾನೂ ನಕ್ಕಿದ್ದೆ.

ಆ ಬೇಸಿಗೆಯಲ್ಲಿ ನಿದ್ದೆಗೆಟ್ಟು ಆಕೆಯ ಕಣ್ಣುಗಳು ಕೆಂಪಾಗತೊಡಗಿದವು. ಒಂದು ಮಧ್ಯಾಹ್ನ ನನ್ನನ್ನು ತನ್ನ ಕುರ್ಚಿಯಲ್ಲಿ ಕೂಡಿಸಿದಳು. "ನೀ ನೋಡು. ನನ್ನ ರಕ್ತದ್ದು."

ಬೂದು ಸಾಲಿನ ನಡುವೆ ಒಂದೇ ಒಂದು ಕೆಂಪು ಗೆರೆ ಕೆಳಗಿಳಿದಿತ್ತು.

"ಅಂಚಿನಾಗೇನು?" ಆಕೆ ಗೋಡೆ ನೋಡುತ್ತಿದ್ದಳು.

"ಅಲ್ಲ ಅಕ್ಕಾ. ನಟ್ಟನಡುವ ಅದ."

"ಅರ್ಧ ಪಟ್ಟ್ಯಾಗ?"

"ಹೂಂ." ಅರ್ಧ ಪಟ್ಟಿಗಳಲ್ಲಿದ್ದರೆ ಅದು ಅವ್ವ-ಅಪ್ಪರಲ್ಲಿ ಒಬ್ಬರಿಂದ ಬಂದದ್ದು.

"ಹಂಗಾರ ಅವ್ವಂದೇ," ಎಂದು ಸೆರಗಿನಿಂದ ಪರದೆ ಒರೆಸಿದಳು. "ಶರಣಂಗ ಹೇಳಬ್ಯಾಡ. ಎರಡು ಕೂಸವ ಅವಂಗ." ಶರಣು ಆಕೆಯ ತಮ್ಮ.

ಕಡೆಯ ಸಲ ಆಕೆಯನ್ನು ನೋಡಿದ್ದು ಸೇಡಂನ ಮನೆಯಲ್ಲಿ. ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದರು. ಮೈ ಬೆವರುತ್ತಿತ್ತು, ರೆಪ್ಪೆ ಮುಚ್ಚುತ್ತಿರಲಿಲ್ಲ. ತೊದಲುತ್ತ ಕೇಳಿದಳು: "ನಿನ್ನೆ ಮಲಗಿದ್ದೇನು? ಹ್ಯಾಂಗಿತ್ತು, ಹೇಳು."

ಅಷ್ಟರಲ್ಲಿ ಶರಣು ಚಹಾ ತಂದ. "ತೊಗೊಳ್ರಿ," ಅಂದ. ಕಣ್ಣುಜ್ಜಿಕೊಂಡ. "ಅಕ್ಕನ ಚಿಂತ್ಯಾಗ ನನಗೂ ಈಗೀಗ ನಿದ್ದಿ ಹತ್ತವಲ್ದು ನೋಡ್ರಿ."

ಮಾದೇವಕ್ಕನ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಅವನು ತಟ್ಟೆ ಹಿಡಿದು ಒಳಗೆ ಹೋಗುವ ತನಕ ಇಬ್ಬರೂ ಅವನ ಬೆನ್ನನ್ನೇ ನೋಡುತ್ತಿದ್ದೆವು.