ಅಲುಮಿತಾ ಒಯ್ಯುತ್ತಿದ್ದ ಮೂರು ಗೆಣಸು

ನಮ್ಮ ದ್ವೀಪದ ಸಿಂಗಟೋಕ ಪೇಟೆಯ ಮಾರ್ಕೆಟ್ಟಿಗೆ ಖಾಲಿ ಬುಟ್ಟಿ ಹಿಡಿದು ವ್ಯಾಪಾರಕ್ಕೆ ಬಂದವಳೆಂದರೆ ನಾನು ಕಂಡಂತೆ ಅಲುಮಿತಾ ಒಬ್ಬಳೇ. ಆಗ ಅವಳಿಗೆ ಹತ್ತೊಂಬತ್ತು. ಶನಿವಾರ ಬೆಳಿಗ್ಗೆ ನೇರವಾಗಿ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು.

"ಉನೈಸಿ ಅತ್ತೆ, ಮೂರು ಮರಗೆಣಸು ಕೊಡಿ. ಮಾರಿದ್ರೆ ಮಧ್ಯಾಹ್ನ ದುಡ್ಡು, ಇಲ್ದಿದ್ರೆ ಹಂಗೇ ವಾಪಸ್ ತರ್ತೀನಿ."

ಪಕ್ಕದ ಮೇಜಿನ ತೋರಿಕಾಳಿಂದ ಮೂರು ಕಟ್ಟು ಕೆಸುವಿನ ಸೊಪ್ಪು, ಆಚೆಯವಳಿಂದ ಮೂರು ತೆಂಗಿನಕಾಯಿ. ಹೆಚ್ಚು ಒಯ್ಯಿ ಎಂದರೂ ಒಲ್ಲೆ ಎನ್ನುವಳು. ಆಮೇಲೆ ಒಂದು ಸಣ್ಣ ಪುಸ್ತಕ ತೆಗೆದು ಏನೋ ಗೀಚಿಕೊಂಡು ಬಸ್ಸು ಹತ್ತುವಳು. ಎಲ್ಲಿಗೆ ಎಂದು ಕೇಳಿದರೆ ನಗು.

ನಗುವವರನ್ನು ನಂಬಬಾರದು ಎನ್ನುವುದು ತೋರಿಕಾಳ ಮತ.

"ಮಾರೋಳು ಮೂರೇ ಯಾಕ್ ಒಯ್ತಾಳೆ ಹೇಳು? ಅದು ಸ್ಯಾಂಪಲ್ಲು ಕಣೆ. ಹೋಟೆಲ್‌ನೋರಿಗೆ ನಮ್ಮ ರೇಟು ಬರ್ಕೊಂಡ್ ಹೋಗಿ ಕೊಡ್ತಾಳೆ. ನಾಳೆ ಅವ್ರು ನಮ್ಮ ತೋಟಕ್ಕೇ ಬಂದು ಅರ್ಧ ಬೆಲೆಗೆ ಕೇಳ್ತಾರೆ."

"ಅಷ್ಟು ಚಿಕ್ಕ ಹುಡುಗಿ..."

"ಅಣ್ಣನ್ನ ಮರೆತ್ಯಾ?"

ಮರೆತಿರಲಿಲ್ಲ. ಅವಳಣ್ಣ ಎಮೋಸಿ ಊರವರಿಂದ ಪಾಲಿನ ದುಡ್ಡು ಎತ್ತಿ ಊರಲ್ಲೇ ಅಂಗಡಿ ಇಟ್ಟಿದ್ದ. ಸಾಲಕ್ಕೆ ಸಕ್ಕರೆ ಕೇಳಿದ ಚಿಕ್ಕಪ್ಪನಿಗೆ, ಡಬ್ಬಿ ಮೀನು ಕೇಳಿದ ಸೋದರತ್ತೆಗೆ ಇಲ್ಲ ಎನ್ನಲಾಗದೆ ಆರು ತಿಂಗಳಲ್ಲಿ ಬಾಗಿಲು ಹಾಕಿದ. ತಿಂದವರೇ ಅವನನ್ನು ಕಳ್ಳ ಎಂದರು. ಆ ಮನೆಯ ಹುಡುಗಿ ಏನು ಹಿಡಿದು ಹೊರಟರೂ ಊರ ಕಣ್ಣು ಅವಳ ಬೆನ್ನ ಮೇಲೇ.

ನನಗೂ ತಲೆಯೊಳಗೆ ಹುಳ ಹೊಕ್ಕಿತು. ಒಂದು ಶನಿವಾರ ಮೇಜನ್ನು ತೋರಿಕಾಳಿಗೆ ಒಪ್ಪಿಸಿ, ತಲೆಗೆ ಬಟ್ಟೆ ಸುತ್ತಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ.

ಅವಳು ಇಳಿದದ್ದು ಹೋಟೆಲಿನ ಹತ್ತಿರವಲ್ಲ, ಆಸ್ಪತ್ರೆಯ ನರ್ಸುಗಳ ವಸತಿಯ ಮುಂದೆ. ಒಂದೊಂದೇ ಬಾಗಿಲು ತಟ್ಟಿ, ಬೇಕು ಎಂದವರ ಮೆಟ್ಟಿಲಲ್ಲೇ ಕೂತು ಗೆಣಸು ಸುಲಿದು, ಸೊಪ್ಪು ಹೆಚ್ಚಿ, ಕಾಯಿ ತುರಿದು ಒಂದು ಹೊತ್ತಿನ ಅಡುಗೆಗೆ ಆಗುವಷ್ಟು ಕಟ್ಟಿಕೊಟ್ಟಳು. ಬೇಡ ಎಂದ ಮನೆಯಲ್ಲಿ ಚಾಕು ಹೊರಗೆ ತೆಗೆಯಲೇ ಇಲ್ಲ; ಸುಲಿಯದ ಗೆಣಸನ್ನು ವಾಪಸ್ ಕೊಡಬಹುದಲ್ಲ.

ತಿರುಗಿ ನೋಡಿದವಳಿಗೆ ನಾನು ಸಿಕ್ಕಿಬಿದ್ದೆ.

"ಅತ್ತೆ! ನನ್ನ ಹಿಂದೆ ಬಿದ್ದಿದ್ದೀರಾ?"

ತಲೆಯ ಬಟ್ಟೆ ಸರಿಸಿ, "ಆ ಪುಸ್ತಕದಲ್ಲೇನಿದೆ?" ಎಂದೆ.

ತೆರೆದು ತೋರಿಸಿದಳು. ಯಾರಿಗೆ ಎಳೆ ಸೊಪ್ಪು, ಯಾರ ಮನೆಯಲ್ಲಿ ಮಗುವಿಗೆ ಮೆತ್ತಗೆ ಬೇಯುವ ಗೆಣಸು, ಯಾರು ಯಾಕೆ ಬೇಡ ಎಂದರು. ನಮ್ಮ ಬೆಲೆ ಒಂದೂ ಇರಲಿಲ್ಲ.

"ಸೋತ್ರೆ ನಂದು ಬಸ್ ಚಾರ್ಜು ಹೋಗುತ್ತೆ, ಅಷ್ಟೇ. ಇಪ್ಪತ್ತು ಶನಿವಾರ ಹೀಗೇ ನೋಡ್ತೀನಿ. ಆಮೇಲೆ ದೊಡ್ಡ ವ್ಯಾಪಾರ. ಯಾರಿಗೂ ಹೇಳ್ಬೇಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ."

ಹೇಳುವುದಿಲ್ಲ ಎಂದೆ. ಸೋಮವಾರವೇ ತೋರಿಕಾಳಿಗೆ ಹೇಳಿದೆ. ಹುಡುಗಿಯ ಮೇಲಿನ ಅಪವಾದ ತೊಳೆಯಲೆಂದೇ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮುಂದಿನ ಶುಕ್ರವಾರವೇ ತೋರಿಕಾ ತನ್ನ ಮಗಳನ್ನು ಎರಡು ಮೂಟೆ ಗೆಣಸಿನ ಸಮೇತ ಆ ವಸತಿಗೆ ಅಟ್ಟಿದಳು, ಸುಲಿದು ಚೀಲ ತುಂಬಿಸಿ, ಕಡಿಮೆ ಬೆಲೆಗೆ. ಶನಿವಾರ ಅಲುಮಿತಾ ತಟ್ಟಿದ ಅರ್ಧ ಬಾಗಿಲುಗಳು ತೆರೆಯಲಿಲ್ಲ.

ಮಧ್ಯಾಹ್ನ ಎರಡು ಗೆಣಸು ವಾಪಸ್ ತಂದು ಮೇಜಿನ ಮೇಲಿಟ್ಟಳು. ಬೈಯುತ್ತಾಳೆಂದು ಕಾದೆ.

"ನಿಮ್ಮನ್ನ ಬಿಟ್ರೆ ಇನ್ಯಾರಿಗೂ ಗೊತ್ತಿರ್ಲಿಲ್ಲ ಅತ್ತೆ," ಎಂದಳು, ಅಷ್ಟೇ.

ತೋರಿಕಾಳ ಮಗಳ ಗೆಣಸು ಸುಲಿದಿಟ್ಟಲ್ಲೇ ಕಪ್ಪಾಗಿ ಹುಳಿ ವಾಸನೆ ಹೊಡೆಯಿತು. ಮೂರನೆಯ ವಾರಕ್ಕೆ ಅವಳು ಕೈಬಿಟ್ಟಳು. ಅಷ್ಟರಲ್ಲಿ ಅಲುಮಿತಾ ಶಾಲಾ ಶಿಕ್ಷಕರ ವಸತಿಯ ಬಾಗಿಲು ತಟ್ಟುತ್ತಿದ್ದಳು. ನರ್ಸುಗಳೇ ಮತ್ತೆ ಹೇಳಿಕಳಿಸಿದರು.

ಈಗ ಅವಳಿಗೆ ಪೇಟೆಯಲ್ಲೇ ಒಂದು ಕೋಣೆಯಿದೆ, ಸುಲಿಯಲು ಇಬ್ಬರು ಹೆಂಗಸರಿದ್ದಾರೆ. ಅಣ್ಣನ ಗತಿ ಕಂಡವಳು, ಊರಲ್ಲಿ ಮಾತ್ರ ಒಂದು ಉಪ್ಪಿನ ಪೊಟ್ಟಣವನ್ನೂ ಮಾರುವುದಿಲ್ಲ. "ಅಷ್ಟೊಂದು ದುಡ್ಡು ಎಲ್ಲಿಂದ ಬಂತೋ," ಎಂದು ತೋರಿಕಾ ಇವತ್ತಿಗೂ ಗೊಣಗುತ್ತಾಳೆ.

ಗೆಣಸನ್ನು ನನ್ನಲ್ಲೇ ಕೊಳ್ಳುತ್ತಾಳೆ, ಅತ್ತೆ ಎಂದೇ ಕರೆಯುತ್ತಾಳೆ. ಆದರೆ ಕೊಳ್ಳುವ ಮೊದಲು ಗುಡ್ಡೆಯ ಅಡಿಗೆ ಕೈ ಹಾಕಿ, ಕೆಳಗಿನದನ್ನು ಮೇಲೆತ್ತಿ ತಿರುಗಿಸಿ ನೋಡುತ್ತಾಳೆ. ಬೇರೆ ಯಾರ ಮೇಜಿನಲ್ಲೂ ಹಾಗೆ ಮಾಡುವುದನ್ನು ನಾನು ಕಂಡಿಲ್ಲ.