ಬಲಗಡೆ ಬಿದ್ದ ಹೂವು

ದೇವರು ಹೌದು ಎಂದದ್ದನ್ನು ನಾನು ಅಲ್ಲ ಎಂದು ಹೇಳಿದ್ದೇನೆ. ಅರಿಯದೆ ಆದ ತಪ್ಪಲ್ಲ. ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ದೀಪ ಹಚ್ಚಿ, ಮನೆದೇವರ ಮುಂದೆ ಕೂತು, ಎದ್ದು ಬಂದೇ ಹೇಳಿದ್ದು. ನಂಬಿದವಳು ನನ್ನ ನಾದಿನಿ ವಾಸಂತಿ. ಆಗಿ ವರ್ಷಗಳೇ ಕಳೆದವು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಸಾರಿನ ಪುಡಿಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ವಾಸಂತಿಯ ಗಂಡ ಸತ್ಯಂ ಅವರ ಫೋನ್ ಬಂತು. ಅವರು ತೆಲುಗಿನವರು, ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿ ಶಾಲೆಯ ಮೇಷ್ಟರು. ಹೆಂಡತಿಯಿಂದ ಕಲಿತ ಕನ್ನಡದಲ್ಲಿಯೇ ನನ್ನ ಹತ್ತಿರ ಮಾತಾಡುತ್ತಾರೆ.

"ಅಕ್ಕಯ್ಯಗಾರು, ಒಂದು ಸಹಾಯ ಬೇಕಂಡಿ. ಆ ನಂದಿಬೆಟ್ಟದ ದ್ರಾಕ್ಷಿ ತೋಟದವರು ಮತ್ತೆ ಕೇಳಿದಾರೆ. ಅದೇ ವೈನು, ಊಟ, ಸಂಗೀತದ ಕಾರ್ಯಕ್ರಮ. ಈ ಸಲ ಪೂರ್ತಿ ಇವಳ ಕೈಗೇ ಕೊಡ್ತಾರಂತೆ. ಇವಳು ಬೇಡ ಅಂತಾಳೆ."

"ಯಾಕಂತೆ?"

"ಅಮ್ಮವಾರು ಒಂದ್ಸಲ ಬೇಡ ಅಂದಮೇಲೆ ಮುಗೀತು ಅಂತಾಳೆ. ನಾನು ಬಹಳ ಹೇಳಿದೆ. ಕೊನೆಗೆ, ಅತ್ತಿಗೆ ಇನ್ನೊಂದ್ಸಲ ಹೂ ಇಟ್ಟು ನೋಡಲಿ, ಬಲಗಡೆ ಆದ್ರೆ ಒಪ್ಕೋತೀನಿ ಅಂದಳು. ನೀವು ಇವತ್ತೇ ನೋಡ್ತೀರಾ? ನಾಡಿದ್ದು ಅವರಿಗೆ ಮಾತು ಹೇಳ್ಬೇಕು."

ನೋಡುತ್ತೇನೆ ಎಂದೆ. ಬಾಣಲೆಯ ಬೀಜ ಕಪ್ಪಾಗಿ ಹೊಗೆ ಎದ್ದಿತ್ತು. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ.

ಹೂ ಇಡುವುದು ಎಂದರೆ ಏನೆಂದು ಹೇಳಬೇಕು. ನಮ್ಮದು ತಿಪಟೂರಿನ ಕಡೆಯ ಮನೆತನ. ಮನೆದೇವರಾದ ಅಮ್ಮನ ಬೆಳ್ಳಿಯ ಮುಖ ನಮ್ಮಲ್ಲಿದೆ. ಸಂಬಂಧ ನೋಡುವಾಗ, ಮನೆ ಕೊಳ್ಳುವಾಗ, ಆಪರೇಷನ್ನಿಗೆ ಮೊದಲು, ಸೇವಂತಿಗೆಯ ಎಸಳನ್ನು ನೀರಲ್ಲಿ ಅದ್ದಿ ಅಮ್ಮನ ಎರಡೂ ಕೆನ್ನೆಗೆ ಅಂಟಿಸುತ್ತೇವೆ. ಕೇಳುವುದನ್ನು ಕೇಳಿ ಕಾಯುತ್ತೇವೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡ. ಅತ್ತೆಯವರು ತೀರಿಕೊಳ್ಳುವ ಮೊದಲು ಈ ಕೆಲಸವನ್ನು ನನಗೆ ಒಪ್ಪಿಸಿದರು. ಮಗಳಿಗಲ್ಲ, ಸೊಸೆಗೆ. ನಮ್ಮವರಿಗೆ ಬ್ಯಾಂಕಿನಲ್ಲಿ ವಿಜಯವಾಡಕ್ಕೆ ವರ್ಗವಾದಾಗ ಅಮ್ಮನನ್ನು ತೊಡೆಯ ಮೇಲೆ ಇಟ್ಟುಕೊಂಡೇ ರೈಲಿನಲ್ಲಿ ಬಂದೆ. ಬೆಂಜ್ ಸರ್ಕಲ್ಲಿನ ಹಿಂದಿನ ಬೀದಿಯ ಈ ಮನೆಗೆ ಹಾಸನದಿಂದ, ಹೈದರಾಬಾದಿನಿಂದ ನೆಂಟರು ಫೋನ್ ಮಾಡಿ, "ಒಂದು ಹೂ ಇಟ್ಟು ನೋಡಿ" ಎನ್ನುತ್ತಿದ್ದರು. ನಾನು ಹೇಳಿದ್ದೇ ಕೊನೆಯ ಮಾತು. ಅದರಲ್ಲಿ ನನಗೊಂದು ಜಂಬ ಇತ್ತು — ಇತ್ತು ಎಂದು ಈಗ ಬರೆಯಬಲ್ಲೆ.

ಆ ವರ್ಷ ದಸರಾ ರಜೆಗೆ ವಾಸಂತಿ ಬಂದಳು. ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವಳು ಅದನ್ನು ಬಿಟ್ಟು, ಪದ್ಮಜಾ ಎಂಬ ಗೆಳತಿಯ ಜೊತೆ ಪ್ರವಾಸದ ಕೆಲಸಕ್ಕೆ ಇಳಿದಿದ್ದಳು. ಮೊದಲ ದೊಡ್ಡ ಕಾರ್ಯಕ್ರಮ ಇದು. ಮಾಘದಲ್ಲಿ ದ್ರಾಕ್ಷಿ ಮಾಗುವ ಹೊತ್ತಿಗೆ, ವಿಶಾಖಪಟ್ಟಣದ ಒಂದಿಷ್ಟು ಜನರನ್ನು ನಂದಿಬೆಟ್ಟದ ತಪ್ಪಲಿನ ತೋಟಕ್ಕೆ ಕರೆದುಕೊಂಡು ಹೋಗುವುದು. ಶನಿವಾರ ಬೆಳಿಗ್ಗೆ ತೋಟದಲ್ಲಿ ಅಡ್ಡಾಡಿ ಹಣ್ಣು ಕೀಳುವುದು, ವೈನ್ ಮಾಡುವುದನ್ನು ನೋಡುವುದು, ಮಧ್ಯಾಹ್ನ ಒಂದೊಂದು ತಿನಿಸಿಗೆ ಒಂದೊಂದು ವೈನ್ ರುಚಿ ನೋಡುವುದು, ಸಂಜೆ ಬಳ್ಳಿಗಳ ನಡುವೆ ವೇದಿಕೆ ಹಾಕಿ ಹಾಡು. ಭಾನುವಾರ ತಿಂಡಿ ತಿಂದು ಹೊರಡುವುದು. ಇಷ್ಟನ್ನು ಅವಳು ನಮ್ಮ ಊಟದ ಮೇಜಿನ ಮೇಲೆ ಲೋಟ ತಟ್ಟೆಗಳನ್ನು ಜರುಗಿಸಿ ಜರುಗಿಸಿ ತೋರಿಸಿದಳು. ಉಪ್ಪಿನ ಡಬ್ಬಿ ವೇದಿಕೆ, ಚಮಚಗಳು ದ್ರಾಕ್ಷಿಯ ಸಾಲು.

"ಕುಡಿಯೋದೇ ಬೇಕಾಗಿಲ್ಲ ಅತ್ತಿಗೆ," ಎಂದಳು ನನ್ನ ಮುಖ ನೋಡಿ. "ಒಂದು ಗುಟುಕು ಬಾಯಲ್ಲಿ ಆಡಿಸಿ, ರುಚಿ ನೋಡಿ, ಉಗುಳಿಬಿಡ್ತಾರೆ."

"ಉಗುಳೋದಕ್ಕೆ ನಂದಿಬೆಟ್ಟದ ತನಕ ಹೋಗ್ಬೇಕಾ? ನಮ್ಮ ಬೀದೀಲಿ ಎಲ್ಲರೂ ಪುಗಸಟ್ಟೆ ಉಗುಳ್ತಾರೆ," ಎಂದರು ನಮ್ಮವರು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅವರು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ಕಾಲೇಜಿನಲ್ಲಿ ತಬಲಾ ನುಡಿಸುತ್ತಿದ್ದರಂತೆ. ನಾನು ಬಂದ ಮೇಲೆ ನುಡಿಸಿದ್ದನ್ನು ಕಂಡಿಲ್ಲ. ಸಂಜೆಯ ಹಾಡಿಗೆ ನೀನೇ ತಬಲಾ ಎಂದು ವಾಸಂತಿ ಹಟ ಹಿಡಿದಳು. ಬೇಡ ಬೇಡ ಎನ್ನುತ್ತಲೇ ಇವರ ಬೆರಳು ಮೇಜಿನ ಮೇಲೆ ಆಡತೊಡಗಿತು.

ನಾನು ಒಲೆಯ ಮುಂದೆ ನಿಂತು ಕೋಡುಬಳೆ ಕರಿಯುತ್ತಿದ್ದೆ. ಅದೂ ಅವರಿಗಾಗಿಯೇ. ಯಾವ ತಿನಿಸು ಯಾವುದಕ್ಕೆ ಹೊಂದುತ್ತದೆ ಎಂದು ವಾಸಂತಿ ನನ್ನ ಅಡುಗೆಯನ್ನೇ ಮಾಡಿಸಿ ನೋಡುತ್ತಿದ್ದಳು. ಕೋಡುಬಳೆ ಬಿಳಿಯದಕ್ಕೆ, ಗೋಂಗೂರ ಸೊಪ್ಪಿನ ಮಟನ್ನು ಕೆಂಪಿಗೆ — ಮಟನ್ನು ಅಲ್ಲಿಯ ಅಡುಗೆಯವರು ಮಾಡುತ್ತಾರೆ, ಮಸಾಲೆಯ ಹದ ಮಾತ್ರ ನನ್ನದು. ನನಗೂ ಒಳಗೊಳಗೇ ಖುಷಿಯಿತ್ತು. ವೈನ್ ಎಂದು ಮೂಗು ಮುರಿಯುತ್ತಲೇ ಖಾರ ಸ್ವಲ್ಪ ಕಡಿಮೆ ಮಾಡಲೇ ಎಂದು ಕೇಳುತ್ತಿದ್ದೆ.

ಯಾರು ಯಾರು ಹೋಗುವುದು ಎಂಬ ಮಾತು ಬಂತು. ವಾಸಂತಿಯ ಪಟ್ಟಿಯಲ್ಲಿ ಅವಳು, ಸತ್ಯಂ, ಪದ್ಮಜಾ, ಅಣ್ಣ. ನಮ್ಮವರು ತಲೆ ಎತ್ತದೆ ಹೇಳಿದರು:

"ಗಿರಿಜಾನ ಲೆಕ್ಕಕ್ಕೆ ಇಟ್ಕೋಬೇಡ ವಾಸು. ಅವಳು ಎಲ್ಲಿ ಬರ್ತಾಳೆ? ದೇವರ ಮುಂದೆ ದೀಪ ಹಚ್ಚೋರು ಒಬ್ಬರು ಬೇಕಲ್ಲ."

"ಹೌದು, ಅತ್ತಿಗೆ ಬರಲ್ಲ ಬಿಡು," ಎಂದಳು ಅವಳು. ಕೊಂಕಿಲ್ಲ, ಕೆಟ್ಟ ಮನಸ್ಸಿಲ್ಲ. ಮುಂದಿನ ಮಾತಿಗೆ ಹೋದಳು.

ಅಷ್ಟೇ ನಡೆದದ್ದು. ಯಾರೂ ನನ್ನನ್ನು ಬೈಯಲಿಲ್ಲ. ಕೋಡುಬಳೆ ಬೇಕು, ಮಸಾಲೆ ಬೇಕು, ನಾನು ಬರುತ್ತೇನೋ ಇಲ್ಲವೋ ಎಂದು ಕೇಳುವುದು ಮಾತ್ರ — ಅವರಿಗೆ ಬೆನ್ನು ಮಾಡಿ ನಿಂತೆ. ಒಂದೇ ಒಂದು ಸಲ ತಿರುಗಿ, "ನೀನು ಬರ್ತೀಯಾ?" ಎಂದಿದ್ದರೆ. ಹೀಗೆ ಬರೆಯುವಾಗಲೂ ತಪ್ಪನ್ನು ಅವರ ಕಡೆಗೆ ತಳ್ಳುತ್ತಿದ್ದೇನೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮರುದಿನ ತೋಟದವರಿಗೆ ಒಪ್ಪಿಗೆ ಹೇಳಬೇಕಿತ್ತು. ಮುಂಗಡ ಕಟ್ಟಿದರೆ ಹಿಂದೆ ಬರುವಂತಿಲ್ಲ. ವಾಸಂತಿಗೆ ಒಳಗೇ ಅಳುಕು. ಬೆಳಿಗ್ಗೆ ಅಡುಗೆಮನೆಯ ಬಾಗಿಲ ಆಚೆ ನಿಂತು, "ಅತ್ತಿಗೆ, ಒಂದು ಹೂ ಇಟ್ಟು ನೋಡಿ. ನಾನು ಹೊರಗಿದ್ದೀನಿ, ಒಳಗೆ ಬರೋ ಹಾಗಿಲ್ಲ. ನೀವೇ ನೋಡಿ ಹೇಳಿ," ಎಂದಳು. ತಿಂಗಳ ಆ ದಿನಗಳಲ್ಲಿ ನಮ್ಮಲ್ಲಿ ದೇವರ ಕೋಣೆಯ ಹತ್ತಿರ ಸುಳಿಯುವುದಿಲ್ಲ. ಓದಿದ ಹುಡುಗಿ, ಆದರೂ ಅಮ್ಮನ ವಿಷಯದಲ್ಲಿ ನೇಮ ಬಿಟ್ಟವಳಲ್ಲ.

ಎಸಳು ಅದ್ದಿ ಅಂಟಿಸಿದೆ. ವಾಸಂತಿ ಈ ಕೆಲಸಕ್ಕೆ ಕೈ ಹಾಕಬಹುದೇ ತಾಯಿ, ಎಂದು ಕೇಳಿದೆ. ಸರಿಯಾಗಿಯೇ ಕೇಳಿದೆ. ಮನಸ್ಸಿನಲ್ಲಿ ಮಾತ್ರ, ಎಡಕ್ಕೆ ಬೀಳಲಿ, ಎಡಕ್ಕೆ ಬೀಳಲಿ —

ಬಲಗಡೆಯದು ಬಿತ್ತು. ಕೆಲವು ಸಲ ಬಹಳ ಹೊತ್ತು ಕಾಯಿಸುತ್ತಾಳೆ. ಅವತ್ತು ಕಾಯಿಸಲೇ ಇಲ್ಲ. ನಾನು ಕೈ ಮುಗಿದು ಮುಗಿಸುವ ಮೊದಲೇ ಎಸಳು ಪೀಠದ ಮೇಲಿತ್ತು.

ಬಲಗಡೆಯ ಹೂವನ್ನು ಕೇಳಿದವರ ಕೈಗೆ ಕೊಡುವುದು ರೂಢಿ, ಅದು ಪ್ರಸಾದ. ನಾನು ಅದನ್ನು ತೆಗೆದು ಸೊಂಟದ ನೆರಿಗೆಗೆ ಸಿಕ್ಕಿಸಿಕೊಂಡೆ. ಹೊರಗೆ ಬಂದೆ.

"ಎಡಕ್ಕಾಯ್ತು ವಾಸಂತಿ. ಬೇಡ ಅಂದುಬಿಟ್ಟಳು."

ಅವಳು ಇನ್ನೊಮ್ಮೆ ಕೇಳಲಿಲ್ಲ. ಆಮೇಲೆ ಬಾಲ್ಕನಿಗೆ ಹೋಗಿ ತೋಟದವರಿಗೆ ಆಗುವುದಿಲ್ಲ ಎಂದು ಹೇಳಿದಳು. ನಮ್ಮವರು, "ದೇವರೇ ಬೇಡ ಅಂದಮೇಲೆ ಇನ್ನೇನು," ಎಂದು ಬ್ಯಾಂಕಿಗೆ ಹೊರಟರು. ಹೆಂಡದ ವಿಷಯವಲ್ಲವೇ, ಅಮ್ಮ ಒಪ್ಪದಿದ್ದದ್ದು ಎಲ್ಲರಿಗೂ ಸಹಜವಾಗಿಯೇ ಕಂಡಿತು. ನನ್ನ ಸುಳ್ಳಿಗೆ ಅದೇ ಆಸರೆಯಾಯಿತು.

ಪದ್ಮಜಾ ಬೇರೆಯವರನ್ನು ಜೊತೆ ಮಾಡಿಕೊಂಡು ಅದೇ ಕಾರ್ಯಕ್ರಮ ನಡೆಸಿದಳು. ಚೆನ್ನಾಗಿ ಆಯಿತಂತೆ, ಆಮೇಲೆ ವರ್ಷ ವರ್ಷವೂ ನಡೆಯಿತು. ವಾಸಂತಿ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದಳು. ಇಷ್ಟೇ ಆಗಿದ್ದರೆ ಕೆಲಸವೊಂದು ತಪ್ಪಿತು ಎಂದುಕೊಳ್ಳಬಹುದಿತ್ತೇನೋ. ಆದರೆ ಮರುವರ್ಷ ಬಂದಾಗ ಎಲ್ಲರೂ ಇಂದ್ರಕೀಲಾದ್ರಿಯ ದುರ್ಗಮ್ಮನ ಗುಡಿಗೆ ಹೊರಟೆವು, ಅವಳು ಬೆಟ್ಟದ ಕೆಳಗೆ ಕಾರಿನಲ್ಲೇ ಕೂತಳು. ಕಾಲು ನೋವು ಎಂದಳು. ಅದರ ಮುಂದಿನ ಸಲ ನಾನೊಬ್ಬಳೇ ಇದ್ದಾಗ, "ಯಾವ ಅಮ್ಮ ಆದರೇನು ಅತ್ತಿಗೆ. ಅವಳಿಗೆ ನಾನು ಬೇಡವಾದೆ," ಎಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.

ಆ ವರ್ಷಗಳಲ್ಲೆಲ್ಲ ಪ್ರತಿ ದಿನ ಸಂಜೆ ದೀಪ ಹಚ್ಚಿ, ಅಂದಿನ ಸಣ್ಣ ಸಣ್ಣ ಉಪಕಾರಗಳನ್ನು ನೆನೆದು ಅಮ್ಮನಿಗೆ ಒಪ್ಪಿಸುತ್ತಿದ್ದೆ. ನಲ್ಲಿಯಲ್ಲಿ ನೀರು ಬಂತು, ಇವರ ಬಿಪಿ ಏರಲಿಲ್ಲ, ಮೊಸರು ಹುಳಿಯಾಗಲಿಲ್ಲ. ಬಾಯಿ ತುಂಬ ಹೇಳುತ್ತಿದ್ದೆ. ಆ ಒಂದನ್ನು ಬಿಟ್ಟು.

ಹೋದ ತಿಂಗಳು ಸತ್ಯಂ ಫೋನ್ ಇಟ್ಟ ಮೇಲೆ ಸ್ನಾನ ಮಾಡಿ ದೇವರ ಕೋಣೆಗೆ ಹೋದೆ. ಎಸಳನ್ನು ನೀರಲ್ಲಿ ಅದ್ದಿಯೂ ಅದ್ದಿದೆ. ಎಷ್ಟು ಸುಲಭವಾಗಿತ್ತು — ಯಾವ ಕಡೆ ಬಿದ್ದರೂ ಬಲಗಡೆ ಎಂದುಬಿಡುವುದು. ಅವಳಿಗೆ ಕೆಲಸ ಸಿಗುತ್ತದೆ, ಸತ್ಯಂ ಕೈ ಮುಗಿಯುತ್ತಾರೆ, ನನ್ನ ಮಾತಿಗೆ ಇನ್ನಷ್ಟು ಬೆಲೆ ಬರುತ್ತದೆ. ಆದರೆ ಅಮ್ಮ ಒಮ್ಮೆ ತನ್ನನ್ನು ಬೇಡವೆಂದಳು ಎಂಬುದು ಅವಳ ಎದೆಯಲ್ಲಿ ಹಾಗೇ ಉಳಿಯುತ್ತದೆ. ಒದ್ದೆ ಎಸಳು ಬೆರಳಿಗೆ ಅಂಟಿಕೊಂಡಿತ್ತು. ಅಮ್ಮನ ಕೆನ್ನೆಯ ಹತ್ತಿರ ಕೈ ಹೋಯಿತು, ಆದರೆ ಇಡಲಾಗಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಹೊರಟೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅದಕ್ಕೆ ಅಮ್ಮನಿಗೆ ಕೈ ಮುಗಿಯಲು ನಾಚಿಕೆಯಾಯಿತು.

ಭೀಮುನಿಪಟ್ಟಣದ ಮನೆಯಲ್ಲಿ ವಾಸಂತಿ ಒಬ್ಬಳೇ ಇದ್ದಳು. "ಫೋನಲ್ಲೇ ಹೇಳೋದಲ್ವಾ ಅತ್ತಿಗೆ? ಮತ್ತೆ ಎಡಕ್ಕಾಯ್ತು ಅಂತ ಹೇಳೋಕೆ ಇಷ್ಟು ದೂರ ಬಂದ್ರಾ?" ಎಂದು ನಕ್ಕಳು.

"ಕೂತ್ಕೋ. ನಾನು ಹೂ ಇಟ್ಟಿಲ್ಲ," ಎಂದೆ. "ಅವತ್ತು ಬಲಕ್ಕೆ ಬಿದ್ದಿತ್ತು ವಾಸಂತಿ. ನಾನು ಎಡಕ್ಕೆ ಅಂತ ಸುಳ್ಳು ಹೇಳಿದೆ."

ನಗು ಹಾಗೇ ಉಳಿದಿತ್ತು, ಕಣ್ಣು ಮಾತ್ರ ಬದಲಾಯಿತು.

"ಯಾವತ್ತು?"

"ದಸರೇಲಿ. ನೀನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಗ."

"ಬಲಕ್ಕೆ."

"ಕೇಳಿದ ಕೂಡಲೇ ಬಿತ್ತು. ಕಾಯಿಸಲೇ ಇಲ್ಲ."

ಅದನ್ನು ಹೇಳಬೇಕಿತ್ತೋ ಬೇಡವೋ. ಅದು ಅವಳಿಗೆ ಸೇರಿದ್ದು, ನಾನು ಹಿಡಿದಿಟ್ಟುಕೊಳ್ಳುವ ಹಾಗಿರಲಿಲ್ಲ.

"ವೈನ್ ಅಂತಲಾ?" ಎಂದಳು.

ಇಲ್ಲಿಯೂ ಒಂದು ಸಂದು ಸಿಕ್ಕಿತ್ತು. ಹೌದು, ಕುಡಿತದ ವಿಷಯ, ನಿನ್ನ ಒಳ್ಳೆಯದಕ್ಕೇ, ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಅಲ್ಲ. ನನ್ನನ್ನ ಯಾರೂ ಕರೀಲಿಲ್ಲ. ಅದಕ್ಕೆ."

"ಅಷ್ಟೇನಾ?"

"ಅಷ್ಟೇ."

ಹೊರಗೆ ಮೀನಿನವಳೊಬ್ಬಳು ಕೂಗುತ್ತ ಹೋದಳು.

"ಕರೆದಿದ್ರೆ ಬರ್ತಿದ್ರಾ ಅತ್ತಿಗೆ?"

"ಇಲ್ಲ," ಎಂದೆ. "ಬರ್ತಿರಲಿಲ್ಲ."

ಅವಳು ಎದ್ದು ಒಳಗೆ ಹೋದಳು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಅತ್ತಳೋ, ಸುಮ್ಮನೆ ಕೂತಳೋ ನನಗೆ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲು ತೆರೆದು, ಒಳಗಿನಿಂದಲೇ, "ಈಗ ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿಲ್ಲ. ನೀವು ಹೊರಡಿ," ಎಂದಳು. ಸತ್ಯಂ ಶಾಲೆಯಿಂದ ಬಂದವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೂ ನಾನೇ ಹೇಳಿದೆ. ಆಟೋ ಹತ್ತಿಸಲು ಬಂದರು, ಆದರೆ ಅಕ್ಕಯ್ಯಗಾರು ಎಂದು ಕರೆಯಲಿಲ್ಲ.

ವಿಜಯವಾಡಕ್ಕೆ ಬಂದು ನಮ್ಮವರಿಗೂ ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದ್ರೆ ನನ್ನ ಆಪರೇಷನ್ನಿಗೆ ಹೇಳಿದ್ದು?" ಅದು ನಿಜ, ಬಲಕ್ಕೇ ಬಿದ್ದಿತ್ತು ಎಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ನಿಜ ಹೇಳಿದ ಎಲ್ಲ ಹೂವುಗಳೂ ಈಗ ಆ ಒಂದರ ಜೊತೆಗೆ ಸೇರಿಹೋಗಿವೆ.

ವಾಸಂತಿ ಆ ಕೆಲಸ ಒಪ್ಪಿಕೊಂಡಳೋ ಇಲ್ಲವೋ ನನಗೆ ತಿಳಿಸಿಲ್ಲ. ನಾನೂ ಕೇಳಿಲ್ಲ, ಕೇಳುವ ಹಕ್ಕು ನನಗಿಲ್ಲ.

ಇವತ್ತು ಬೆಳಿಗ್ಗೆ ಹಾಸನದಿಂದ ನಮ್ಮವರ ಚಿಕ್ಕಮ್ಮ ಫೋನ್ ಮಾಡಿದ್ದರು. "ಗಿರಿಜಾ, ಮೊಮ್ಮಗಳಿಗೆ ಒಂದು ಸಂಬಂಧ ಬಂದಿದೆ ಕಣೇ. ಒಂದು ಹೂ ಇಟ್ಟು ನೋಡಿ ಹೇಳು."

"ನನ್ನ ಕೈಲಿ ಬೇಡ ಚಿಕ್ಕಮ್ಮ. ಒಂದ್ಸಲ ಅಮ್ಮ ಹೇಳಿದ್ದನ್ನ ತಿರುಗಿಸಿ ಹೇಳಿದ್ದೀನಿ."

"ಏನು ಹಾಗಂದ್ರೆ? ಯಾರಿಗೆ?"

ಹೇಳಿದೆ. ಅವರು ಫೋನ್ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ನೆಂಟರಿಗೆಲ್ಲ ತಿಳಿಯುತ್ತದೆ. ತಿಳಿಯಲಿ.

ದೋಸೆಗೆ ನೆನೆಹಾಕಿದ ಅಕ್ಕಿ ಹಾಗೇ ಇತ್ತು. ನೀರು ಬಸಿದು ರುಬ್ಬಲು ಹಾಕಿದೆ.